ಮಾಡಿನ ಸಂಕದ ಆಚಾರ್ರು

ಬೇರೆ ಬಡಗಿಗಳು ಕಿವಿಯ ಮೇಲೆ ಪೆನ್ಸಿಲ್ ಇಡುತ್ತಾರೆ. ನಮ್ಮ ಆಚಾರ್ರು ಬೆಣೆ ಇಡುತ್ತಿದ್ದರು. ಹೆಬ್ಬೆರಳುದ್ದದ, ಎಣ್ಣೆ ಕುಡಿದು ಕಪ್ಪಾದ ಮರದ ಬೆಣೆ. ಅದರ ಭಾರಕ್ಕೆ ಆ ಕಿವಿ ಹೊರಕ್ಕೆ ಬಾಗಿತ್ತು. ಅವರನ್ನು ಅಣಕಿಸುವಾಗ ನಾನು ಮೊದಲು ಕಿವಿ ಬಗ್ಗಿಸಿಕೊಳ್ಳುತ್ತಿದ್ದೆ. ಹೆಚ್ಚು ಶ್ರಮ ಬೇಕಿರಲಿಲ್ಲ, ನನ್ನದು ಹುಟ್ಟಿನಿಂದಲೇ ಮೊರದಂಥ ಕಿವಿ.

ಕುಂದಾಪುರದ ಹತ್ತಿರ, ಹೊಳೆಯ ನಡುವಿನ ನಡುಗಡ್ಡೆ ನಮ್ಮ ಕುದ್ರು. ಆಚೆ ದಡಕ್ಕೆ ಇದ್ದದ್ದು ಒಂದೇ ದಾರಿ, ಮಾಡಿನ ಸಂಕ: ಮೇಲೆ ಹಂಚು ಹೊದೆಸಿದ ಮರದ ಕಾಲುಸೇತುವೆ. ಕಟ್ಟಿದ್ದು ಆಚಾರ್ರ ಅಪ್ಪ. ಅವರು ದೋಣಿ ಕಟ್ಟುವವರು. ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆಂದು ಮೊಳೆಯ ಗೊಡವೆಗೇ ಹೋಗದೆ, ಬೋಗಿ ಮರದ ತೊಲೆಗಳನ್ನು ಬೆಣೆ ಹೊಡೆದು ಬಿಗಿದಿದ್ದರು. ಎರಚಲು ಒಳಗೆ ಬರದಂತೆ ಮಾಡನ್ನು ತೀರ ತಗ್ಗಿಸಿದ್ದರು. ಎಂಥ ದೊಡ್ಡ ಮನುಷ್ಯನೂ ತಲೆ ಬಗ್ಗಿಸಿಯೇ ದಾಟಬೇಕು. ಮಳೆಗಾಲಕ್ಕೆ ಮುಂಚೆ ಆಚಾರ್ರು ಪ್ರತಿ ಕೀಲನ್ನೂ ತಟ್ಟಿ ನೋಡಿ, ಸಡಿಲಾದಲ್ಲಿ ಹೊಸ ಬೆಣೆ ಜಡಿಯುತ್ತಿದ್ದರು.

ಆ ಗಟ್ಟಿತನವೇ ನಮಗೆ ಉರುಳಾಯಿತು. ಕುದ್ರಿಗೆ ಮೊಬೈಲ್ ಬಂತು, ಆಟೋ ಬರಲಿಲ್ಲ. ಸರ್ಕಾರದವರ ಹತ್ತಿರ ಕಾಂಕ್ರೀಟ್ ಸೇತುವೆ ಕೇಳಿದರೆ, ಇರುವುದೇ ಗಟ್ಟಿ ಇದೆಯಲ್ಲ ಎಂಬ ಉತ್ತರ. ಆಚಾರ್ರ ಹೆಂಡತಿ ಪಾರ್ಶ್ವವಾಯು ಬಡಿದು ಮಲಗಿದ್ದರು. ಆಸ್ಪತ್ರೆಗೆ ಒಯ್ಯಬೇಕಾದರೆ ಕುರ್ಚಿಯಲ್ಲಿ ಕೂರಿಸಿ, ಹೊತ್ತವರು ಆ ಮಾಡಿನಡಿ ಅರ್ಧ ಕೂತೇ ನಡೆಯಬೇಕು. ಇನ್ನೊಮ್ಮೆ ಬಡಿದರೆ ತಡ ಮಾಡಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು.

ಹೊಸ ಸೇತುವೆ ಬೇಕೋ ಬೇಡವೋ ಎಂದು ಇಂಜಿನಿಯರು ನೋಡಲು ಬರುವ ಹಿಂದಿನ ದಿನ ನನ್ನ ಅಮ್ಮ ಆಚಾರ್ರ ಜಗಲಿಯಲ್ಲಿ ಹೋಗಿ ಕೂತಳು.

"ಆಚಾರ್ರೇ, ನಡು ತೊಲೆ ಬೆಣೆ ತೆಗ್ದ್ ಬಿಡಿ. ಸಂಕ ಬೀಳುದ್ ಬ್ಯಾಡ, ಅವ್ರ್ ಹೆದ್ರಿರೆ ಸಾಕ್."

ಆಚಾರ್ರು ಒಳಗೆ ಹೆಂಡತಿಯ ಹಾಸಿಗೆಯತ್ತ ನೋಡಿದರು. "ಅಕ್ಕ್," ಎಂದು ಒಪ್ಪಿದರು.

ಬೆಳಿಗ್ಗೆ ತೆಗೆದರು ಕೂಡ. ಹಲಗೆ ಗಡಗಡ ಎಂದಿತು. ಅಷ್ಟರಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬರು ಸಂಕ ಹತ್ತಿದರು. "ಹ್ವಾಯ್, ಅಲ್ಲೇ ನಿಲ್ಲಿ!" ಎಂದು ಕೂಗಿದ ಆಚಾರ್ರು ಬೆಣೆಯನ್ನು ಮತ್ತೆ ಜಡಿದು ಅವರನ್ನು ದಾಟಿಸಿದರು. ಆಮೇಲೆ ಅದಕ್ಕೆ ಕೈಯನ್ನೇ ಹಾಕಲಿಲ್ಲ.

"ಆಚಾರ್ರೇ, ಜೀಪ್ ಬಂತ್! ಬೆಣೆ ತೆಗ್ದ್ ಬಿಡಿ!" ಎಂದೆ.

"ಸಡ್ಲ ಮಾಡುಕ್ ನಂಗ್ ಬತ್ತಿಲ್ಲೆ ಮಾಣಿ. ಅಪ್ಪಯ್ಯ ಅದೊಂದ್ ಹೇಳ್ ಕೊಡ್ಲಿಲ್ಲೆ."

ಇಂಜಿನಿಯರು ಹೊಟ್ಟೆ ಮುಂದೆ, ತಲೆ ಹಿಂದೆ ಮಾಡಿಕೊಂಡು ಬಂದರು. ಮಾಡಿಗೆ ಹಣೆ ತಾಗಿದ ಮೇಲೆ ಬಗ್ಗಿದರು. ಆ ನಡಿಗೆ ಈಗಲೂ ನನ್ನ ಅಣಕಾಟದ ಮುಖ್ಯ ಐಟಂ. ನಡುವೆ ನಿಂತು ಬೂಟುಗಾಲಲ್ಲಿ ಕುಟ್ಟಿದರು. ಸಂಕ ಕದಲಲಿಲ್ಲ. "ಭೇಷ್! ಇನ್ನೂ ಎಷ್ಟೋ ವರ್ಷ ಬಾಳಿಕೆ ಬರ್ತದೆ," ಎಂದು ಆಚಾರ್ರ ಬೆನ್ನು ತಟ್ಟಿ ಹೋದರು. ಹೊಗಳಿಸಿಕೊಂಡು ಅಷ್ಟು ಸಣ್ಣಗಾದ ಮನುಷ್ಯನನ್ನು ನಾನು ಕಂಡಿಲ್ಲ.

ಆ ಮಳೆಗಾಲದಲ್ಲಿ ಅವರ ಹೆಂಡತಿಗೆ ಮತ್ತೆ ಬಡಿಯಿತು. ಆಂಬುಲೆನ್ಸ್ ಆಚೆ ದಡದಲ್ಲಿ ಕಾಯುತ್ತಿತ್ತು. ಸಂಕದ ನಡುವೆ, ಕುರ್ಚಿಯಲ್ಲೇ ಉಸಿರು ನಿಂತಿತು. ಆಚಾರ್ರಿಗೆ ಯಾರೂ ಏನೂ ಅನ್ನಲಿಲ್ಲ, ಬೈದಿದ್ದರೇ ಒಳ್ಳೆಯದಿತ್ತೇನೋ. ಮರುವರ್ಷವೂ ಅವರು ಬೆಣೆ ಹೊಡೆದರು. ಸಾಯುವವರೆಗೂ ಹೊಡೆದರು.

ಈಗ ಅವರ ಕಿವಿಯ ಬೆಣೆ ನನ್ನ ಕಿವಿಯ ಮೇಲಿದೆ. ಮಳೆಗಾಲಕ್ಕೆ ಮುಂಚೆ ಕೀಲುಗಳನ್ನು ನಾನೇ ತಟ್ಟುತ್ತೇನೆ. ಅಮ್ಮ ದಡದಲ್ಲಿ ನಿಂತು ಬೈಯುತ್ತಾಳೆ: "ಒಂದ್ ವರ್ಷ ಬಿಟ್ರೆ ಎಂತ ಆತ್ತ್ ನಿಂಗೆ?"

ಆಚಾರ್ರ ಸ್ವರ ತೆಗೆದು ಹೇಳುತ್ತೇನೆ: "ಸಡ್ಲ ಮಾಡುಕ್ ನಂಗ್ ಬತ್ತಿಲ್ಲೆ."

ಅಮ್ಮನಿಗೆ ನಗು ಬರುವುದಿಲ್ಲ. ಈಚೆಗೆ ಅವಳ ಮೊಣಕಾಲು ಮಡಚುತ್ತಿಲ್ಲ. ಆ ಕುರ್ಚಿ ಈಗ ನಮ್ಮ ಮನೆಯಲ್ಲಿದೆ.