ಅಪ್ಪ ಓದದೆ ಬಿಟ್ಟ ಪುಟ

ನಾನು ಚಿಕ್ಕವನಿದ್ದಾಗ ಭೀಮನಬೀಡಿನ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕತೆಪುಸ್ತಕ. ರಟ್ಟು ಕಿತ್ತುಹೋಗಿ ಅದರ ಹೆಸರೇನೆಂದು ಯಾರಿಗೂ ಗೊತ್ತಿರಲಿಲ್ಲ. ಅರಿಸಿನ ಬೇಯಿಸುವ ಕಾಲದಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಚಳಿ ಇಳಿಯುತ್ತಿತ್ತು. ಅಪ್ಪ ಹಿತ್ತಲ ಒಲೆಯ ಪಕ್ಕ ಕೂತು ಓದುತ್ತಿದ್ದರು. ಅಕ್ಕನೂ ನಾನೂ ಒಂದೇ ಕಂಬಳಿ ಹೊದ್ದು ಕೇಳುತ್ತಿದ್ದೆವು. ಹಬೆಗೆ ನಮ್ಮ ಕೂದಲೂ ಹಸಿ ಅರಿಸಿನದ ವಾಸನೆ ಹೊಡೆಯುತ್ತಿತ್ತು.

ಉಪ್ಪಿನ ವ್ಯಾಪಾರಿಯೊಬ್ಬನ ಮುದಿ ಕತ್ತೆಯ ಕತೆ ನನಗೆ ಪ್ರಾಣ. ಮಂಜಿನಲ್ಲಿ ಅದು ಘಾಟಿ ಹತ್ತುವ ಭಾಗ ಬಂದರೆ ಉಸಿರು ಬಿಗಿಹಿಡಿಯುತ್ತಿದ್ದೆ. ಕತ್ತೆಯ ಕಿವಿಯ ತುದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು, ಉಪ್ಪು ನೆನೆದು ಬೆನ್ನು ಉರಿಯುತ್ತಿತ್ತು. ಘಾಟಿಯ ನೆತ್ತಿಗೆ ಬಂದು ಕುಸಿಯುತ್ತಿತ್ತು. ಒಡೆಯ ನೀರು ಕುಡಿಸಿದ ಮೇಲೆ ಎದ್ದು, ಮೈ ಕೊಡವಿ, ಮನೆಗೆ ನಡೆಯುತ್ತಿತ್ತು.

ನನಗೆ ಓದಲು ಬಂದ ವರ್ಷ, ಒಂದು ಮಧ್ಯಾಹ್ನ, ಆ ಕತೆಯನ್ನು ನಾನೇ ಅಕ್ಷರ ಕೂಡಿಸಿ ಓದಿದೆ. ಕತ್ತೆ ಏಳಲೇ ಇಲ್ಲ! ವ್ಯಾಪಾರಿ ಮೂಟೆ ಬಿಚ್ಚಿ ಬಿಸಾಡಿ, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಂಜು ಕರಗುವವರೆಗೆ ಕೂತೇ ಇದ್ದ. ಇಡೀ ಒಂದು ಪುಟ. ಅಪ್ಪ ಅದನ್ನು ಒಂದು ದಿನವೂ ಓದಿರಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಪುಸ್ತಕ ಹಿಡಿದು ಒಲೆಯ ಬಳಿಗೆ ಓಡಿದೆ.

"ಸುಳ್ಳು ಓದ್ಬುಟ್ಟೆ ನೀನು! ಕತ್ತೆ ಸತ್ತೋಯ್ತದೆ!"

"ನೀನು ಅಳ್ತೀಯ ಅಂತ ಕಣ್ಲಾ," ಎಂದರು ಅಪ್ಪ.

"ಅತ್ಕತೀನಿ ಬುಡು! ನನ್ ಕತ್ತೆ ಅದು!"

"ಓಗ್ಲಿ ಬುಡ್ಲಾ," ಎಂದಳು ಅಕ್ಕ. ನಾನು ಬಿಡಲಿಲ್ಲ. ಈಗಲೇ ಆ ಪುಟ ಓದು ಎಂದು ಕಾಲು ನೆಲಕ್ಕೆ ಬಡಿದೆ.

ಅಪ್ಪ ಪಂಚೆಗೆ ಕೈ ಒರೆಸಿಕೊಂಡು ಓದತೊಡಗಿದರು. ಮೂಟೆ ಬಿಚ್ಚುವಲ್ಲಿಗೆ ಬಂದಾಗ ಓದು ನಿಲ್ಲಿಸಿದರು. ಪುಸ್ತಕವನ್ನು ಅಕ್ಕನ ಕೈಗಿಟ್ಟು ಮುಖ ತಿರುಗಿಸಿಕೊಂಡರು. ಉಳಿದದ್ದನ್ನು ಅವಳು ಓದಿದಳು. ಮೂವರೂ ಅತ್ತೆವು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ; ಎಷ್ಟೋ ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದೆ.

ಮಕ್ಕಳೇ, ಮೊನ್ನೆ ಗುಂಡ್ಲುಪೇಟೆಯಿಂದ ನಿಮಗೊಂದು ಹೊಸ ಪುಸ್ತಕ ತಂದೆನಲ್ಲ, ಅದರಲ್ಲಿ ಆ ಕತ್ತೆಯ ಕತೆಯೂ ಇದೆ. ನುಣುಪು ಕಾಗದ, ಬಣ್ಣಬಣ್ಣದ ಚಿತ್ರ. ಕೊನೆಯಲ್ಲಿ ಕತ್ತೆ ನೀರು ಕುಡಿದು ಕುಣಿಯುತ್ತದೆ! ನಿಮಗೆ ಅಳುವಷ್ಟು ಎದೆಯಿಲ್ಲವೆಂದು ಈ ಪುಸ್ತಕ ಮಾಡಿದವರಿಗೆ ಹೇಳಿದವರು ಯಾರು? ನನ್ನಪ್ಪ ಓದದೆ ಬಿಟ್ಟರೂ ಆ ಪುಟ ಪುಸ್ತಕದಲ್ಲೇ ಇತ್ತು. ಓದಲು ಕಲಿತ ದಿನ ನನಗೆ ಸಿಕ್ಕಿತು. ನೀವು ಎಷ್ಟೇ ಚೆನ್ನಾಗಿ ಓದಿದರೂ ಈ ಹೊಸದರಲ್ಲಿ ಅದು ಸಿಗುವುದಿಲ್ಲ.