ನಂಜನಗೂಡಿನಲ್ಲಿ ಆರು ಗಂಟೆ

ಮೈಸೂರಿನಿಂದ ಹೊರಟ ರೈಲು ನಮ್ಮನ್ನು ನಂಜನಗೂಡಿನಲ್ಲಿ ಇಳಿಸಿದಾಗ ಬೆಳಗಿನ ಒಂಬತ್ತು ಗಂಟೆ. ಹಳಿ ಅಲ್ಲಿಗೇ ಮುಗಿಯುತ್ತದೆ. ಮುಂದೆ ಹೋಗುವವರು ಗಾಡಿಯನ್ನೋ ಕಾಲನ್ನೋ ನಂಬಬೇಕು. ಪುಷ್ಯಮಾಸದ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಜೊತೆಯಲ್ಲಿ ನನ್ನ ಅವ್ವ. ಅವಳ ಎರಡು ಕಣ್ಣಿಗೂ ಪೊರೆ ಬರುತ್ತಿತ್ತು. ಕಣ್ಣು ಪೂರ್ತಿ ಕತ್ತಲಾಗುವ ಮುಂಚೆ ತಿರುಮಕೂಡಲಿನಲ್ಲಿ ಕಾವೇರಿ, ಕಪಿಲೆ ಕೂಡುವುದನ್ನು ನೋಡಲೇಬೇಕೆಂದು ಹಠ ಹಿಡಿದಿದ್ದಳು. ಗುಬ್ಬಿಯ ಸ್ಕೂಲಿನಲ್ಲಿ ಮೇಷ್ಟ್ರಾದ ನಾನು ಐದು ದಿನದ ರಜೆ ಪಡೆದು ಅವಳನ್ನು ಕರೆದುಕೊಂಡು ಹೊರಟಿದ್ದೆ.

ಸ್ಟೇಷನ್ನಿನ ಹೊರಗೆ ಸಂಗಮವಿರುವ ನರಸೀಪುರಕ್ಕೆ ಹೋಗುವ ಎತ್ತಿನ ಗಾಡಿ ಒಂದೇ ಇತ್ತು. ಬಾಡಿಗೆ ಒಂದೂಕಾಲು ರೂಪಾಯಿಗೆ ಕುದುರಿತು. ಆದರೆ ಗಾಡಿ ಹೊಡೆಯುವ ಮಾದಯ್ಯ ತಕ್ಷಣ ಹೊರಡಲು ಒಪ್ಪಲಿಲ್ಲ.

"ಈಗ್ಲೇ ಓಗಾಕಾಯ್ತದಾ ಸಾ? ಎತ್ಗಳು ಈಗ ತಾನೆ ನಡ್ದು ಬಂದವೆ. ಮೂರು ಗಂಟೆಗೆ ಕಟ್ತೀನಿ. ಕತ್ಲಾಗೋದ್ರೊಳ್ಗೆ ಸುತ್ತೂರು ಸೇರ್ಬೇಕು. ಮೂರರ ಮೇಲೆ ಒಂದು ಗಳಿಗೇನೂ ಕಾಯಾಕಿಲ್ಲ, ಮೊದ್ಲೇ ಏಳಿವ್ನಿ."

ಗುರುತು ಪರಿಚಯವಿಲ್ಲದ ಊರು, ಕೈಯಲ್ಲಿ ಆರು ಗಂಟೆಯ ಹೊತ್ತು. ಹೊಳೆಯಲ್ಲಿ ಮಿಂದು, ದೇವರ ದರ್ಶನ ಮಾಡಿ, ಎಲ್ಲಾದರೂ ಉಂಡು ನೆರಳಲ್ಲಿ ಅಡ್ಡಾಗಬಹುದು ಎಂದು ನಾನು ಲೆಕ್ಕ ಹಾಕಿದೆ. ಅವ್ವ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಕಾಲು ನೀವಿಕೊಂಡಳು. ಆಮೇಲೆ, "ಮಗಾ, ನಮ್ಮ ಗೌರೀನ ಈ ಊರಿಗೇ ಕೊಟ್ಟಿದ್ದು" ಎಂದಳು.

ಗೌರಿ ಎನ್ನುವ ಹೆಸರನ್ನು ನಾನು ಆವರೆಗೆ ಅವಳ ಬಾಯಲ್ಲಿ ಕೇಳಿರಲಿಲ್ಲ. ಇಬ್ಬರೂ ಗುಬ್ಬಿಯಲ್ಲಿ ಒಂದೇ ಬೀದಿಯ ಗೆಳತಿಯರಂತೆ. ಹನ್ನೆರಡನೆಯ ವಯಸ್ಸಿಗೆ ಗೌರಿಗೆ ಮದುವೆಯಾಯಿತು. ಗಂಡನ ಮನೆಯವರು ಬೆಲ್ಲದ ವ್ಯಾಪಾರಿಗಳು. ಆಮೇಲೆ ನಲವತ್ತು ವರ್ಷ ಇವಳ ಸುದ್ದಿ ಅವಳಿಗಿಲ್ಲ, ಅವಳ ಸುದ್ದಿ ಇವಳಿಗಿಲ್ಲ.

"ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕ್ತಾರಂತೆ ಅವ್ವ. ಮೊದಲು ದರ್ಶನ ಮುಗಿಸೋಣ."

"ನಂಜುಂಡಪ್ಪ ಎಲ್ಲಿಗೂ ಹೋಗಲ್ಲ. ಅವಳು ಇದ್ದಾಳೋ ಇಲ್ಲವೋ. ನಾನು ಅವಳಿಗೊಂದು ಮಾತು ಹೇಳಬೇಕು" ಎಂದು ಎದ್ದೇಬಿಟ್ಟಳು.

ಪೇಟೆಯಲ್ಲಿ ವಿಚಾರಿಸಿದರೆ ಒಬ್ಬ ಅಂಗಡಿಯವನು, "ಈ ಒಂದು ಬೀದೀಲೇ ಬೆಲ್ಲದೋರ ಮನೆಗಳಲ್ಲಿ ನಾಲ್ಕು ಜನ ಗೌರಮ್ಮ ಅವ್ರೆ ಕಣ್ರೀ" ಎಂದು ನಕ್ಕ. ಮೊದಲು ಹೋದ ಮನೆಯ ಗೌರಮ್ಮನಿಗೆ ಇಪ್ಪತ್ತು ವರ್ಷವೂ ಇರಲಿಲ್ಲ. ಪಾಪ, ಮಜ್ಜಿಗೆ ಕೊಟ್ಟು ಕಳಿಸಿದಳು. ಎರಡನೆಯ ಗೌರಮ್ಮ ಗುಬ್ಬಿಯ ಹೆಸರನ್ನೇ ಕೇಳಿರಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಬಿಸಿಲು ಚುರುಕಾಯಿತು. ಅವ್ವ ನನ್ನ ತೋಳು ಹಿಡಿದು ಎಡವುತ್ತ ನಡೆಯುತ್ತಿದ್ದಳು. ಸಾಕೆಂದು ಅವಳನ್ನು ಹೊಳೆಯ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಕೂರಿಸಿದೆ.

ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಯಾವ ಊರೆಂದು ಕೇಳಿದಳು. ಅವ್ವ ಅವಳಿಗೂ ಅದೇ ಕಥೆ ಹೇಳಿ, "ಎಡಗೈ ಅವಳಿಗೆ. ಸೌಟು ಹಿಡಿದರೂ ಎಡಗೈ, ಕಸ ಗುಡಿಸಿದರೂ ಎಡಗೈ" ಎಂದಳು.

ಹೆಂಗಸು ಒಗೆಯುವುದನ್ನು ನಿಲ್ಲಿಸಿದಳು. "ಎಡಗೈ ಗೌರವ್ವನಾ? ಅಂಗೇಳಿ ಮತ್ತೆ! ಬೆಲ್ಲದ ಮಂಡಿ ಇಂದ್ಗಡೆ, ಅಸ್ರು ಬಾಗ್ಲು ಮನೆ."

ಹಸಿರು ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ದಪ್ಪನೆಯ ಹೆಂಗಸೊಬ್ಬಳು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಊರಿನ ಹೆಸರು ಹೇಳಿದೆ. ಆಕೆ ಎದ್ದು ಬಂದು ಅವ್ವನ ಮುಖವನ್ನೇ ನೋಡಿದಳು, ಗುರುತು ಸಿಕ್ಕಲಿಲ್ಲ. ಅವ್ವನಿಗಂತೂ ಕಾಣುವುದೇ ಕಷ್ಟ. ಅವಳು ಆಕೆಯ ಎಡಗೈಯನ್ನು ಹಿಡಿದು ಮಣಿಕಟ್ಟಿನ ಮೇಲೆ ಬೆರಳಾಡಿಸಿದಳು. ಅಲ್ಲಿ ಹಳೆಯ ಬರೆಯ ಗುರುತೊಂದು ಉಬ್ಬಿಕೊಂಡಿತ್ತು.

"ಗೌರಿ, ನಾನು ರುದ್ರಿ."

"ಅಯ್ಯೋ ನಮ್ಮಪ್ಪಾ! ಲೇ ರುದ್ರೀ!" ಎಂದು ಆಕೆ ಕೂಗಿದ ರಭಸಕ್ಕೆ ಒಳಗಿದ್ದ ಸೊಸೆ ಹೊರಗೆ ಓಡಿಬಂದಳು.

ಅವ್ವ ಕೂರಲಿಲ್ಲ, ನೀರು ಮುಟ್ಟಲಿಲ್ಲ. ನಿಂತಲ್ಲೇ ಹೇಳತೊಡಗಿದಳು. ಮನೆಗೆ ಬಂದಿದ್ದ ಅಯ್ಯನವರಿಗೆ ಗೌರಿ ಎಡಗೈಯಲ್ಲಿ ಬಡಿಸಿದಳೆಂದು ಗೌರಿಯ ಅಜ್ಜಿಗೆ ಚಾಡಿ ಹೇಳಿದವಳು ತಾನೇ. ಅಜ್ಜಿ ಬರೆ ಎಳೆದದ್ದು ಅದಕ್ಕೇ. ಮದುವೆಯ ದಿಬ್ಬಣ ಹೊರಡುವಾಗಲೂ ಅದನ್ನು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಹೇಳುತ್ತ ಹೇಳುತ್ತ ಅವ್ವ ಅತ್ತುಬಿಟ್ಟಳು. ಅವಳು ಹಾಗೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಗೌರಮ್ಮ ತನ್ನ ಮಣಿಕಟ್ಟನ್ನು ನೋಡಿಕೊಂಡು, "ಬರೆ ಎಳ್ದದ್ದು ಗ್ಯಾಪ್ಕ ಅದೆ. ಯಾರು ಏಳಿದ್ರು ಅಂತ ನಾನ್ಯಾವತ್ತೂ ಕೇಳ್ನೇ ಇಲ್ಲ ಕಣೆ" ಎಂದಳು. "ನೀನು ಅವತ್ತು ಸಾಯಂಕಾಲ ಸೆರಗ್ನಲ್ಲಿ ಬೆಣ್ಣೆ ಮುಚ್ಕೊಂಡು ಬಂದು ಕೈಗೆ ಸವರ್ದೆ. ನಂಗೆ ಅದು ಗ್ಯಾಪ್ಕ ಅದೆ."

"ಬೆಣ್ಣೆಯಾ? ನಾನಾ?"

"ನೀನೇ. ಅದುಕ್ಕೆ ನಿಮ್ಮವ್ವ ನಿಂಗೆ ಒಡುದ್ರು. ಅದ್ನೂ ಮರ್ತ್‌ಬುಟ್ಟಾ?"

ಅವ್ವನಿಗೆ ಅದು ನಿಜವಾಗಿಯೂ ಮರೆತುಹೋಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಳುತ್ತ, ನಗುತ್ತ ಕೂತುಬಿಟ್ಟರು. ನಾನು ಹೊರಗೆ ಜಗುಲಿಗೆ ಹೋದೆ.

ಮುದ್ದೆ, ಅವರೆಕಾಳಿನ ಸಾರು, ಮೇಲೆ ಆ ಊರಿನ ರಸಬಾಳೆ. ನಾನು ಐದು ಹಣ್ಣು ತಿಂದೆನೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಎರಡೂವರೆಗೆ, ಸಂಗಮಕ್ಕೆ ಹೊರಡೋಣವೆಂದಾಗ ಅವ್ವ ಏಳಲು ತಡಮಾಡಿದಳು.

ಗೌರಮ್ಮ ಕೇಳಿದಳು: "ಸಂಗಮಕ್ಕಾ? ನಾನಿಲ್ಲಿಗೆ ಬಂದು ಇಷ್ಟು ಕಾಲ ಆಯ್ತು, ಒಂದ್ಸಲ ಕೂಡ ಅತ್ಲಾಗೆ ಓಗಿಲ್ಲ." ಒಳಗೆ ಹೋದವಳು ಸೀರೆಯೊಂದನ್ನು ಗಂಟು ಕಟ್ಟಿಕೊಂಡು ಬಂದಳು.

ಸೊಸೆಗೆ ಗಾಬರಿ. "ಅತ್ತೆ, ಅವ್ರು ಮಂಡಿಯಿಂದ ಬರ್ಲಿ, ಕೇಳ್ಬುಟ್ಟು ಓಗಿ."

"ನನ್ನ ಮಗನ್ನ ನಾನೇನು ಕೇಳೋದು? ಬಂದ್ಮೇಲೆ ನೀನೇ ಏಳ್ಬುಡವ್ವ. ನಾಡಿದ್ದು ಬತ್ತೀನಿ."

ಅರ್ಧ ಓಡುತ್ತ ಸ್ಟೇಷನ್ನು ಸೇರಿದೆವು. ಮಾದಯ್ಯ ಎತ್ತು ಕಟ್ಟಿ, ನೊಗದ ಬಳಿ ಹುಬ್ಬು ಗಂಟಿಕ್ಕಿ ನಿಂತಿದ್ದ.

"ಇಬ್ರು ಅಂದ್ರಿ, ಮೂರು ಜನ ಆದ್ರಲ್ಲ ಸಾ?"

"ನಿನ್ನ ಎತ್ತು ನನ್ನ ಕಂಡು ಎದರಾಕಿಲ್ಲ, ನಡಿಯಪ್ಪ" ಎನ್ನುತ್ತ ಗೌರಮ್ಮ ಹತ್ತಿಯೇಬಿಟ್ಟಳು. ಸುತ್ತೂರಿನವರೆಗೆ ಗಾಡಿಯೊಳಗಿನ ಮಾತು ಒಂದು ಕ್ಷಣವೂ ನಿಲ್ಲಲಿಲ್ಲ.

ರಾತ್ರಿ ಸುತ್ತೂರಿನಲ್ಲಿ ತಂಗಿ ಮಾರನೆಯ ದಿನ ನರಸೀಪುರ ಸೇರಿದೆವು. ಹರಿಗೋಲಿನವನು ನಮ್ಮನ್ನು ಎರಡು ನೀರು ಕೂಡುವಲ್ಲಿಗೆ ಕರೆದೊಯ್ದ. ಅವ್ವನಿಗೆ ಬರೀ ಬೆಳಕು ಕಂಡಿತು, ಎರಡು ನೀರಿನ ನಡುವಿನ ಗೆರೆ ಕಾಣಲಿಲ್ಲ. ಗೌರಮ್ಮ ಅವಳ ಕೈಯನ್ನು ಹರಿಗೋಲಿನ ಈಚೆ ಒಮ್ಮೆ, ಆಚೆ ಒಮ್ಮೆ ಅದ್ದಿಸಿದಳು. "ಇದು ನಮ್ಮ ಕಪಿಲೆ. ಇದು ಕಾವೇರಿ. ಗೊತ್ತಾಯ್ತಾ?"

"ಕಪಿಲೆ ಒಂಚೂರು ಬೆಚ್ಚಗಿದೆ" ಎಂದಳು ಅವ್ವ. ನಾನೂ ಎರಡೂ ಕಡೆ ಕೈಯಿಟ್ಟು ನೋಡಿದೆ. ನನಗೆ ಎರಡೂ ಒಂದೇ ತಣ್ಣಗೆ.

ನಂಜನಗೂಡಿಗೆ ಮರಳಿದ ಮೇಲೆ ದೇವರ ದರ್ಶನವೂ ಆಯಿತು. ಗೌರಮ್ಮ ನಮ್ಮನ್ನು ರೈಲಿಗೆ ಹತ್ತಿಸಲು ಬಂದಳು. ಮೈಸೂರಿನಿಂದ ಬರಬೇಕಾದ ರೈಲು ಒಂದೂವರೆ ಗಂಟೆ ತಡವೆಂದು ಸ್ಟೇಷನ್ ಮಾಸ್ತರು ಹೇಳಿದರು. ಕಾದು ಕೂತಿದ್ದವರೆಲ್ಲ ಗೊಣಗಿದರು. ಅವ್ವ ಮಾತ್ರ ಅವಸರವಾಗಿ ಕಂಬಳಿ ಬಿಚ್ಚಿ ಹಾಸಿದಳು. ಇಬ್ಬರೂ ಅದರ ಮೇಲೆ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಂಡರು. ದೂರದಲ್ಲಿ ಹೊಗೆ ಕಂಡಾಗ ಅಲ್ಲಿದ್ದವರಲ್ಲಿ ಬೇಸರಪಟ್ಟವರು ಅವರಿಬ್ಬರೇ.