ಒಂದೇ ಗುಂಪಿನ ಉಪ್ಪು

ಅತ್ತೆಗೆ ಬಿ.ಪಿ. ಇದೆ, ಉಪ್ಪು ಕಮ್ಮಿ ಮಾಡಿ ಎಂದು ಡಾಕ್ಟರ್ ಹೇಳಿದ ದಿನವೇ ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯಲ್ಲಿ ಸೋಡಿಯಂ ಕಡಿಮೆ ಇರುವ ಉಪ್ಪು ಕೊಂಡೆ. ಕಡಿಮೆ ಮಾಡಿದ ಸೋಡಿಯಂ ಜಾಗದಲ್ಲಿ ಪೊಟ್ಯಾಸಿಯಂ ಇತ್ತು. ಕಿಡ್ನಿ ತೊಂದರೆಯವರು ವೈದ್ಯರನ್ನು ಕೇಳಿ ಬಳಸಬೇಕೆಂದು ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಾನೇಕೆ ಕೇಳಲಿ? ಇಪ್ಪತ್ತು ವರ್ಷದಿಂದ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವವಳು!

ಮೊದಲ ದಿನವೇ ಅತ್ತೆ, "ಯಾಕೋ ಸಾರು ಒಂಥರಾ ಇದೆಯಲ್ಲಮ್ಮ" ಎಂದರು. ಬಡಿಸುತ್ತಲೇ ಪಾಠ ಶುರು ಮಾಡಿದೆ. "ಪೀರಿಯಾಡಿಕ್ ಟೇಬಲ್‌ನಲ್ಲಿ ಸೋಡಿಯಂ ಕೆಳಗೇ ಪೊಟ್ಯಾಸಿಯಂ ಇರೋದು ಅತ್ತೆ. ಒಂದೇ ಗುಂಪು, ಒಂದೇ ಗುಣ. ಏನೂ ಆಗಲ್ಲ, ತಿನ್ನಿ."

ಅವರು ಮತ್ತೆ ಆ ಮಾತೆತ್ತಲಿಲ್ಲ.

ಎರಡು ತಿಂಗಳಿಗೆ ಎದೆಬಡಿತ ಏರುಪೇರಾಗಿ ಅವರು ಐಸಿಯು ಸೇರಿದರು. ರಕ್ತದಲ್ಲಿ ಪೊಟ್ಯಾಸಿಯಂ ಏರಿತ್ತು. ವಯಸ್ಸಾದ ಕಿಡ್ನಿಗೆ ಅದನ್ನು ಹೊರಹಾಕಲು ಆಗಿರಲಿಲ್ಲ. "ಮನೇಲಿ ಯಾವ ಉಪ್ಪು ಬಳಸ್ತೀರಾ ಮೇಡಂ?" ಎಂದು ಡಾಕ್ಟರ್ ಕೇಳಿದಾಗ ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರ ನೆನಪಾಯಿತು. ಗುಂಪು ಒಂದೇ ಆದರೂ ಕೆಳಗಿಳಿದಂತೆ ಗುಣ ಬದಲಾಗುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನೇ. ಆ ಪೀರಿಯಾಡಿಕ್ ಟೇಬಲ್ ರಚಿಸಿದಾತ ಕೂಡ ತನಗೆ ತಿಳಿಯದ ಧಾತುಗಳ ಜಾಗಗಳನ್ನು ಖಾಲಿ ಬಿಟ್ಟಿದ್ದ. ನನಗೆ ಅಷ್ಟು ವಿನಯವೂ ಇರಲಿಲ್ಲ.

ಅವರು ಬನಶಂಕರಿಯ ನಮ್ಮ ಮನೆಗೆ ಮರಳಿದ ಮೇಲೆ ಮಂಚದ ಬಳಿ ಕೂತು ಎಲ್ಲವನ್ನೂ ಹೇಳಿದೆ. ಅತ್ತೆ ನನ್ನ ಕೈ ಸವರಿದರು.

"ದಿನಾ ಕಹಿ ಕಹಿ ಅನ್ನಿಸ್ತಿತ್ತಮ್ಮ. ಓದಿದೋಳು ನೀನು, ನಿಂಗೆ ಗೊತ್ತಿರುತ್ತೆ ಅಂತ ನುಂಗ್ತಿದ್ದೆ."